ಯಾರ ಪಾಲಿಗೂ ಸೇರದ ಏರಿ

ಹನೂರು ರಸ್ತೆಯ ಕೆಲಸದಿಂದ ಬಿಡಿಸಿ ನನ್ನನ್ನು ಕೊಳ್ಳೇಗಾಲದ ಕೆರೆಗಳ ಮೇಲೆ ಹಾಕಿದಾಗ ನನಗೇನೂ ಸಂತೋಷವಾಗಲಿಲ್ಲ. ರಸ್ತೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ; ಮೇಸ್ತ್ರಿಯನ್ನು ಎರಡು ಮಾತು ಬೈದರೆ ಸರಿಯಾಗುತ್ತದೆ. ಕೆರೆ ಹಾಗಲ್ಲ. ಅದು ಒಳಗೊಳಗೇ ಕೆಡುತ್ತದೆ, ಬೈಯುವುದಕ್ಕೆ ಯಾರೂ ಕೈಗೆ ಸಿಕ್ಕುವುದಿಲ್ಲ. ನಾನು ಆಗ ಲೋಕೋಪಯೋಗಿ ಇಲಾಖೆಯ ಓವರ್ಸಿಯರ್. ಮುಂಗೋಪಿ ಎಂದು ಹೆಸರು ಪಡೆದವನು, ಆ ಹೆಸರಿಗೆ ಯೋಗ್ಯನಾಗಿಯೂ ಇದ್ದೆ.

ಆ ಕಾಲದಲ್ಲಿ ಕೊಳ್ಳೇಗಾಲ ಮದ್ರಾಸು ಸರ್ಕಾರಕ್ಕೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಈಚೆಯವರು ತಹಶೀಲ್ದಾರರಿಗೆ ಕೈಮುಗಿದರೆ ಆಚೆಯವರು ಅಮಲ್ದಾರರಿಗೆ ಕೈಮುಗಿಯುತ್ತಿದ್ದರು. ಹೆಣ್ಣು ಕೊಡುವುದು, ತರುವುದು, ಸಂತೆ, ಸಾವು ಎಲ್ಲ ಒಂದೇ. ಸರ್ಕಾರ ಮಾತ್ರ ಬೇರೆ.

ಮಳೆ ಹಿಡಿಯುವ ಮುಂಚೆ ಕೆರೆಗಳನ್ನೆಲ್ಲ ಒಂದು ಸುತ್ತು ನೋಡಿ ಬರಬೇಕೆಂದು ಅಪ್ಪಣೆಯಾಯಿತು. ಗೊಣಗುತ್ತಲೇ ಸೈಕಲ್ ಹತ್ತಿದೆ. ಗಡಿಯ ಪಕ್ಕದ ಆ ಕೆರೆಯ ಏರಿಯ ಮೇಲೆ ನಿಂತಾಗ ಮಾತ್ರ ನನ್ನ ಗೊಣಗಾಟ ತಾನಾಗಿ ನಿಂತುಹೋಯಿತು. ಒಂದು ಕಡೆ ಬಿಳಿಗಿರಿ ಬೆಟ್ಟದ ನೆರಳಿನವರೆಗೂ ಹರಡಿದ ನೀರು. ಇನ್ನೊಂದು ಕಡೆ, ತೆಂಗಿನ ಮರಗಳ ತಲೆ ನನ್ನ ಕಾಲಿನ ಮಟ್ಟಕ್ಕೆ ಬರುವಷ್ಟು ಕೆಳಗೆ, ಬತ್ತದ ಗದ್ದೆಗಳು. ಎರಡರ ನಡುವೆ ಇದ್ದದ್ದು ಬರಿಯ ಮಣ್ಣು. ಯಾರು ಕಟ್ಟಿಸಿದರೋ, ಯಾವ ಕಾಲವೋ, ಯಾರಿಗೂ ಗೊತ್ತಿಲ್ಲ. ಲೆವೆಲ್ ಯಂತ್ರ ಹೂಡಿ ನೋಡಿದೆ. ಆ ಯಂತ್ರವನ್ನೇ ಕಾಣದ ಜನ ಕಟ್ಟಿದ ಏರಿಯ ನೆತ್ತಿ ಈ ತುದಿಯಿಂದ ಆ ತುದಿಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ನಂಬದೆ ಇನ್ನೊಮ್ಮೆ ಅಳೆದೆ.

ಒಂದೇ ಒಂದು ಕಡೆ ಏರಿ ಕುಸಿದಿತ್ತು. ಸುಮಾರು ನಡುಮಧ್ಯದಲ್ಲಿ ಒಂದು ಕಲ್ಲು ನೆಟ್ಟಿದ್ದರು. ಅದರ ಎರಡೂ ಪಕ್ಕ ನಾಲ್ಕಾರು ಮಾರು ಉದ್ದಕ್ಕೆ ನೆಲ ತಗ್ಗಾಗಿ, ಗಿಡಗಂಟಿ ಬೆಳೆದು, ಹೆಗ್ಗಣದ ಬಿಲಗಳು ಬಾಯಿ ಬಿಟ್ಟುಕೊಂಡಿದ್ದವು. ಅದರ ಆಚೆಗೂ ಈಚೆಗೂ ಒಂದು ಮುಳ್ಳುಗಿಡವೂ ಇರಲಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ಆ ಕೆರೆಯ ಕಟ್ಟಳೆ ತಿಳಿಯಬೇಕು. ಏರಿ ಇದ್ದದ್ದು ಮದ್ರಾಸಿನ ನೆಲದಲ್ಲಿ. ನೀರು ಮಾತ್ರ ಎರಡು ಊರುಗಳ ಗದ್ದೆಗೆ ಹೋಗುತ್ತಿತ್ತು, ಒಂದು ಮದ್ರಾಸಿನ ಊರು, ಇನ್ನೊಂದು ಮೈಸೂರಿನದು. ಗದ್ದೆ ಉಳ್ಳವರೇ ಬೇಸಗೆಯಲ್ಲಿ ಕೆರೆಯ ಹೂಳು ತೆಗೆದು ಏರಿಗೆ ಹಾಕಬೇಕು. ಅದನ್ನು ಕುಡಿಮರಾಮತ್ತು ಎನ್ನುತ್ತಿದ್ದರು. ಕಲ್ಲಿನಿಂದ ತೆಂಕಲಿಗೆ ಈಚೆ ಊರಿನ ಪಾಲು, ಬಡಗಲಿಗೆ ಆಚೆ ಊರಿನ ಪಾಲು. ತೂಬು, ಕೋಡಿ ಮುಂತಾದ ಕಲ್ಲುಗಾರೆ ಕೆಲಸ ನಮ್ಮ ಇಲಾಖೆಯದು. ಮಣ್ಣಿನ ಕೆಲಸವನ್ನು ಜನರಿಂದ ಮಾಡಿಸುವುದು ಕಂದಾಯದವರದು.

ಈಚೆ ಊರಿನ ಮುಖ್ಯಸ್ಥನಿಗೆ ಮದ್ರಾಸು ಕಡೆಯ ವಾಡಿಕೆಯಂತೆ ಮಣೇಗಾರ ಎಂದು ಹೆಸರು. ದಪ್ಪ ಮೀಸೆ, ಹಣೆತುಂಬ ವಿಭೂತಿ, ಮಾತಿಗೆ ಮುಂಚೆ ನಗು. ತಗ್ಗನ್ನು ತೋರಿಸಿ ಮುಚ್ಚಿಸಿ ಎಂದೆ.

"ನಮ್ ಪಾಲು ಕಲ್ಲಿಂದ ಈ ಕಡೀಕೆ ಸಾ. ಎಂಗ್ ಮಡಗಿವಿ ನೋಡಿ. ಒಂದ್ ಇಲಿ ಬಿಲ ತೋರ್ಸಿ, ನಾನು ಮೀಸೆ ಬೋಳ್ಸ್ಕತೀನಿ."

"ಕಲ್ಲಿನ ಈ ಪಕ್ಕವೂ ತಗ್ಗಾಗಿದೆಯಲ್ಲ ಮಣೇಗಾರರೇ?"

"ಕಲ್ಲು ಮುಟ್ಟಾ ಮಣ್ ಆಕುದ್ರೆ ಅದು ಆಚೀಕೂ ಜಾರ್ತದೆ ಸಾ. ಒಂದ್ ಮಂಕ್ರಿ ಮಣ್ ಅಲ್ಲಿಗೆ ಬಿತ್ತು ಅಂದ್ರೆ, ಆ ಊರೋರು ಬುಟ್ಟಾರಾ? ಈಚೆಯೋರೇ ಆಕ್ಕ ಬತ್ತಾವ್ರೆ ಅಂತಾರೆ. ಆಮೇಕೆ ನಮ್ ಮೊಮ್ಮಕ್ಳೂ ಒರ್ಬೇಕು."

ಆಚೆ ಊರಿಗೆ ಹೋದೆ. ಅಲ್ಲಿನ ಪಟೇಲ ಒಣಕಲು ಆಳು, ನಗುವೇ ಇಲ್ಲದ ಮುಖ. ಮಾತು ಮಾತ್ರ ಅಚ್ಚು ಹಾಕಿದ ಹಾಗೆ ಅದೇ. "ನಾವು ಮೈಸೂರೋರು ಕಣ್ರಿ ಓವರ್ಸೀರೇ. ನಿಮ್ ನೆಲ್ದಲ್ಲಿ ನಮ್ ಇರೀಕ್ರು ಒಪ್ಕಂಡಿದ್ದು ಕಲ್ಲಿನ್ ಗಂಟ. ಒಂದ್ ಗೇಣು ಎಚ್ಗೆ ಮಾಡುದ್ರೆ ನಾಳೆ ನೀವೇ ಬಂದು ಎಲ್ಲಾ ನಿಮ್ದೇ ಅಂತೀರಿ."

ಎರಡು ಊರಿನವರೂ ತಲೆತಲಾಂತರದಿಂದ ಆ ಕಲ್ಲಿನ ಹತ್ತಿರ ಬಂದಾಗ ಎಚ್ಚರಿಕೆಯಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತುಬಿಟ್ಟಿದ್ದರು. ಸೋಮಾರಿತನವಲ್ಲ ಅದು. ಸೋಮಾರಿಗಳು ಅಷ್ಟು ಚಂದದ ಏರಿಯನ್ನು ಉಳಿಸಿಕೊಳ್ಳಲಾರರು. ತಮ್ಮ ಪಾಲನ್ನು ಪ್ರಾಣದಂತೆ ನೋಡಿಕೊಂಡದ್ದರಿಂದಲೇ ನಡುವೆ ಯಾರದೂ ಅಲ್ಲದ ತುಂಡೊಂದು ಹುಟ್ಟಿಕೊಂಡಿತ್ತು.

ಸರಿ, ಇಲಾಖೆಯ ಕೂಲಿಗಳಿಂದಲೇ ಮುಚ್ಚಿಸಿಬಿಡೋಣ ಎಂದು ನಮ್ಮ ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಮಣ್ಣು ಕಂದಾಯದವರದು. ನಾವು ಒಂದು ಸಲ ಹಾಕಿದರೆ ಮುಂದೆ ನಮ್ಮ ತಲೆಗೇ ಕಟ್ಟುತ್ತಾರೆ. ಬೇಡ." ತಾಲ್ಲೂಕು ಕಚೇರಿಗೆ ಹೋದೆ. ಏರಿ ಕುಸಿದಿದ್ದರೆ ಅದು ಎಂಜಿನಿಯರುಗಳ ವಿಷಯವಲ್ಲವೇ ಎಂದು ಅಲ್ಲಿ ಕೇಳಿದರು. ಮಣೇಗಾರನ ಮಾತೇ ಇಂಗ್ಲಿಷ್ ಬಲ್ಲವರ ಬಾಯಲ್ಲಿ ಬಂದದ್ದು ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಎಲ್ಲರೂ ಕೈ ತೊಳೆದುಕೊಂಡರು. ಅಷ್ಟರಲ್ಲಿ ಮಳೆ ಬಂತು.

ಆ ವರ್ಷದ ಹಿಂಗಾರು ಸಾಮಾನ್ಯದ್ದಲ್ಲ. ಬೆಟ್ಟದ ಮೇಲೆ ಮೋಡ ಇಳಿದು ಕೂತದ್ದು ಏಳಲೇ ಇಲ್ಲ. ಹೊನ್ನುಹೊಳೆ ಕೆಂಪಗೆ ದಡ ಮೀರಿತು, ಕಾಲುವೆಗಳೆಲ್ಲ ಕೆರೆಗೆ ನುಗ್ಗಿದವು. ಕೋಡಿ ಬಿದ್ದ ಸದ್ದು ಹರದಾರಿ ದೂರಕ್ಕೆ ಕೇಳಿಸುತ್ತಿತ್ತು. ಒಂದು ಬೆಳಗ್ಗೆ ಕೆರೆಯ ನೀರುಗಂಟಿ, ಎಂದರೆ ತೂಬು ಕಾಯುವವನು, ನೆನೆದ ಕಂಬಳಿಯಲ್ಲೇ ಕೊಳ್ಳೇಗಾಲದ ನನ್ನ ಬಾಡಿಗೆ ಮನೆ ಬಾಗಿಲಿಗೆ ಬಂದು ನಿಂತ.

"ಕಲ್ಲಿನ್ ಕೆಳಗೆ ಒಸರು ಬಂದದೆ ಸಾ. ಕೆಂಪ್ ನೀರು."

ತಕ್ಷಣ ಸೈಕಲ್ ಹತ್ತಿದೆ. ಏರಿ ಒಸರುವುದು ದೊಡ್ಡ ವಿಷಯವಲ್ಲ, ಒಸರು ತಿಳಿಯಾಗಿದ್ದರೆ ಸಾಕು. ಕೆಂಪಾಗಿದ್ದರೆ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಇವತ್ತು ಬೆರಳು ತೂರುವ ದಾರಿ ನಾಳೆ ಆನೆ ತೂರುವ ದಾರಿಯಾಗುತ್ತದೆ. ಆ ಕಲ್ಲಿನ ನೇರ ಕೆಳಗೆ, ಏರಿಯ ಬುಡಕ್ಕೆ ಅಂಟಿಕೊಂಡು, ಕೂಲಿ ಜನರ ಒಂದು ಕೇರಿ ಇತ್ತು. ಸೋಗೆ ಗುಡಿಸಲುಗಳು. ಏರಿ ಹೋದರೆ ಮೊದಲು ಹೋಗುವುದು ಅವು.

ನಾನು ತಲುಪುವಷ್ಟರಲ್ಲಿ ಎರಡು ಊರಿನ ಗಂಡಸರೂ ಏರಿಯ ಮೇಲಿದ್ದರು. ನಿಜ ಹೇಳಬೇಕೆಂದರೆ, ಅಂಥ ಕೆಲಸವನ್ನು ನಾನು ಯಾವ ಕಂಟ್ರಾಕ್ಟರನ ಕೈಯಲ್ಲೂ ಕಂಡಿರಲಿಲ್ಲ. ತೆಂಕಣದವರು ತಮ್ಮ ಪಾಲಿನುದ್ದಕ್ಕೂ ಗೋಣಿಚೀಲ ಜೋಡಿಸಿ ನೆತ್ತಿ ಎತ್ತರಿಸುತ್ತಿದ್ದರು. ಬಡಗಣದವರು ಅಲೆ ಕೊರೆಯದ ಹಾಗೆ ಮುಳ್ಳಿನ ಹೊರೆ ಕಟ್ಟಿ ನೀರಿನ ಅಂಚಿಗೆ ಇಳಿಬಿಡುತ್ತಿದ್ದರು. ನಡುವಿನ ತಗ್ಗಿನಲ್ಲಿ, ಕಲ್ಲಿನ ಹತ್ತಿರ, ಒಬ್ಬನೇ ಒಬ್ಬನಿಲ್ಲ. ನೀರು ಅಲ್ಲಿ ನೆತ್ತಿಗೆ ಒಂದು ಮೊಳ ಕೆಳಗೆ ತೊನೆಯುತ್ತಿತ್ತು. ಎರಡು ಕಡೆಯವರೂ ಅದನ್ನು ನೋಡುತ್ತಿದ್ದರು. ನೋಡಿ ಮತ್ತೆ ತಮ್ಮ ಗೋಣಿಚೀಲಕ್ಕೆ ತಿರುಗುತ್ತಿದ್ದರು.

ನಾನು ಕೂಗಾಡಿದೆ. ಆ ಕಡೆ ಕೂಗಿದೆ, ಈ ಕಡೆ ಕೂಗಿದೆ. ಮಣೇಗಾರ ಪಟೇಲನ ಕಡೆ ಕೈ ತೋರಿಸಿದ, ಪಟೇಲ ಮಣೇಗಾರನ ಕಡೆ. ಅಷ್ಟರಲ್ಲಿ ಕೇರಿಯಿಂದ ಒಬ್ಬ ಮುದುಕಿ ಇಳಿಜಾರಿನ ಹುಲ್ಲು ಹಿಡಿದುಕೊಂಡು ಮೇಲಕ್ಕೆ ಹತ್ತಿ ಬಂದಳು. ತಲೆಯ ಮೇಲೆ ಗೊಪ್ಪೆ ಹಾಕಿದ ಗೋಣಿ, ಮೊಣಕಾಲವರೆಗೆ ಕೆಸರು. ನನ್ನ ಮುಂದೆ ನಿಂತು ಉಸಿರು ತೆಗೆದುಕೊಂಡಳು.

"ಬುದ್ದಿ, ಮನೇಲಿ ಸೊಸೆ ಬಾಣ್ತಿ. ಎಳೆ ಕೂಸು. ಈ ಮಳೇಲಿ ಎಲ್ಗ್ ಎತ್ಕಂಡ್ ಓಗನಾ? ಕಲ್ಲಿಂದ ಈಚೆ ಅವ್ರು, ಕಲ್ಲಿಂದ ಆಚೆ ಇವ್ರು. ಕಲ್ ಕೆಳಗೆ ನಾವ್ ಅವಿಯಲ್ಲಾ, ನಾವು ಯಾರ್ ಪಾಲು?"

ಅವಳು ಅಳಲಿಲ್ಲ, ಬೈಯಲಿಲ್ಲ. ಲೆಕ್ಕ ಕೇಳುವವಳ ಹಾಗೆ ಕೇಳಿದಳು. ಕೂಗಾಡುವುದನ್ನು ಬಿಟ್ಟು ಯೋಚಿಸುವುದಕ್ಕೆ ನನ್ನನ್ನು ಹಚ್ಚಿದ್ದು ಆ ಪ್ರಶ್ನೆಯೇ.

ಮಣ್ಣಿನ ಕೆಲಸ ನನ್ನದಲ್ಲ. ನಾನು ಮುಂದೆ ನಿಂತು ಮಾಡಿಸಿ ಏರಿ ಒಡೆದರೆ, ಒಡೆಸಿದವನು ನಾನೇ ಆಗುತ್ತಿದ್ದೆ. ಕೆಲಸ ಹೋಗುವುದು ಖಂಡಿತ. ಆದರೂ ಮಣೇಗಾರನನ್ನೂ ಪಟೇಲನನ್ನೂ ಕಲ್ಲಿನ ಹತ್ತಿರ ಕರೆದೆ. ಇಬ್ಬರೂ ತಮ್ಮ ತಮ್ಮ ಕಡೆಯಲ್ಲೇ ನಿಂತರು.

"ಪಟೇಲರೇ, ನಿಮ್ಮವರು ಅಗೆಯಲಿ. ಮಣೇಗಾರರೇ, ಅವರು ಅಗೆದ ಮಣ್ಣನ್ನು ನಿಮ್ಮವರು ಹೊರಲಿ. ಕೇರಿಯವರು ಅದನ್ನು ಸುರಿದು ತುಳಿಯಲಿ. ಈಗ ಹೇಳಿ, ಈ ಮಣ್ಣು ಹಾಕಿದವರು ಯಾರು?"

ಮಳೆ ಹುಯ್ಯುತ್ತಲೇ ಇತ್ತು. ಪಟೇಲ ಗಡ್ಡ ತುರಿಸಿಕೊಂಡ. "ಅಗುದ್ ಮಾತ್ರುಕ್ಕೆ ಆಕ್ದಂಗ್ ಆಗಕಿಲ್ಲ."

"ಒತ್ತ್ ಮಾತ್ರುಕ್ಕೂ ಆಕ್ದಂಗ್ ಆಗಕಿಲ್ಲ ಬುಡಿ" ಎಂದ ಮಣೇಗಾರ. ಅವನ ಮೀಸೆಯಡಿ ನಗು ಮೂಡಿತು. "ಇನ್ನು ತುಳ್ಯೋರು. ಅವ್ರ್ಗೆ ಪಾಲೇ ಇಲ್ವಲ್ಲಾ! ಲೇ, ಬನ್ರಲಾ ಎಲ್ಲಾ!"

ಮೊದಲು ನೀರಿನ ಬದಿಯಲ್ಲಿ ತೂತು ಎಲ್ಲಿದೆಯೆಂದು ಹುಡುಕಬೇಕಿತ್ತು. ಬತ್ತದ ಹೊಟ್ಟು ತರಿಸಿ ನೀರಿನ ಮೇಲೆ ಎರಚಿಸಿದೆ. ಹೊಟ್ಟು ಅಲೆಯಲ್ಲಿ ಅತ್ತಿತ್ತ ಆಡಿ, ಒಂದು ಕಡೆ ಮೆಲ್ಲನೆ ಸುತ್ತತೊಡಗಿತು, ಸುತ್ತುತ್ತ ಸುತ್ತುತ್ತ ಒಳಕ್ಕೆ ಮಾಯವಾಯಿತು. ಅಲ್ಲೇ. ಜೇಡಿ ತುಂಬಿದ ಗೋಣಿಚೀಲ ಇಳಿಬಿಟ್ಟೆವು. ತೂತು ಅದನ್ನು ನುಂಗಿತು. ಇನ್ನೊಂದು ಬಿಟ್ಟೆವು, ಅದನ್ನೂ ನುಂಗಿತು. ಕೆಳಗಿನ ಒಸರು ಧಾರೆಯಾಯಿತು. ಒಂದು ಗುಡಿಸಲಿನ ಗೋಡೆ ಕುಸಿದ ಸದ್ದು ಕೇಳಿಸಿತು. ಹೆಂಗಸರು ಬಾಣಂತಿಯನ್ನೂ ಕೂಸನ್ನೂ ಹೊರಸಿನ ಮೇಲೆ ಮಲಗಿಸಿ ಎತ್ತಿಕೊಂಡು ದಿಣ್ಣೆಯ ಕಡೆ ಹೊರಟರು.

ಚೀಲ ಒಳಕ್ಕೆ ಹೋಗುತ್ತದೆ, ಸರಿ. ಒಳಕ್ಕೆ ಹೋಗಲಾರದಷ್ಟು ಅಗಲದ್ದು ಬೇಕು ಎಂದೆ. ಮುದುಕಿ ಅಲ್ಲೇ ಇದ್ದಳು. ಕೆಳಗಿಳಿದು ತನ್ನ ಮನೆಯ ಬಿದಿರ ತಟ್ಟಿಯ ಬಾಗಿಲನ್ನೇ ಕಿತ್ತು, ಇನ್ನಿಬ್ಬರು ಹೆಂಗಸರ ಕೈಯಲ್ಲಿ ಹೊರಿಸಿ ಮೇಲಕ್ಕೆ ಕಳಿಸಿದಳು. ಅದರ ಮೇಲೆ ಹುಲ್ಲು ಹಾಸಿ ಜೇಡಿ ಮೆತ್ತಿದೆವು. ಈಚೆ ಊರಿನ ಒಬ್ಬ, ಆಚೆ ಊರಿನ ಒಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದನ್ನು ಹಿಡಿದು ಮುಳುಗಿದರು. ಮಣೇಗಾರನ ಆಳು ಸೊಂಟಕ್ಕೆ ಕಟ್ಟಿದ್ದ ಹಗ್ಗ ಪಟೇಲನ ಕೈಯಲ್ಲಿತ್ತು. ಅದು ಹೇಗೆ ಅವನ ಕೈಗೆ ಬಂತೆಂದು ಯಾರೂ ಗಮನಿಸಲಿಲ್ಲ. ತಟ್ಟಿ ತೂತಿನ ಬಾಯಿಗೆ ಹೋದದ್ದೇ ನೀರು ಅದನ್ನು ಎಳೆದು ಒತ್ತಿ ಹಿಡಿಯಿತು. ನಮ್ಮನ್ನು ಕೊಲ್ಲಲು ಬಂದ ನೀರೇ ಅದನ್ನು ಒತ್ತಿ ಹಿಡಿದುಕೊಂಡಿತ್ತು.

ಅದರ ಮೇಲೆ ಮಣ್ಣು. ಎಷ್ಟು ಮಣ್ಣು! ಬಡಗಣದ ಗುದ್ದಲಿಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ತೆಂಕಣದವರು ಸಾಲಾಗಿ ನಿಂತು ಮಂಕರಿಗಳನ್ನು ಕೈಯಿಂದ ಕೈಗೆ ಸಾಗಿಸಿದರು. ಸಾಲಿನ ಕೊನೆಯಲ್ಲಿ ಕೇರಿಯವರ ಕೈ. ಬೇರೆ ದಿನವಾದರೆ ಒಬ್ಬರ ನೆರಳು ಒಬ್ಬರಿಗೆ ತಾಕದಂತೆ ನಡೆಯುತ್ತಿದ್ದ ಜನ. ಆ ದಿನ ಯಾವ ಕೈ ಯಾವ ಕೈಯನ್ನು ಮುಟ್ಟಿತೆಂದು ಯಾರೂ ನೋಡಲಿಲ್ಲ. ಕೇರಿಯ ಗಂಡಸರು, ಹೆಂಗಸರು ಒಬ್ಬರ ಹೆಗಲನ್ನೊಬ್ಬರು ಹಿಡಿದು ತಗ್ಗಿನಲ್ಲಿ ಮಣ್ಣು ತುಳಿದರು. ಕೆಳಗೆ ಏರಿಯ ಬುಡಕ್ಕೆ ನಾನು ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿಸಿದೆ. ನೀರು ಹೋಗಲಿ, ಮಣ್ಣು ಮಾತ್ರ ನಿಲ್ಲಲಿ ಎಂದು. ಬೆಳಕು ಕುಂದುವ ಹೊತ್ತಿಗೆ ಒಸರಿನ ಬಣ್ಣ ತಿಳಿಯಾಯಿತು. ನೀರುಗಂಟಿ ಅದನ್ನು ಬೊಗಸೆಯಲ್ಲಿ ಹಿಡಿದು ನನಗೆ ತೋರಿಸಿದ. ನಾನು ಕೆಸರಿನಲ್ಲೇ ಕುಳಿತುಬಿಟ್ಟೆ.

ಅಲ್ಲಿದ್ದ ಒಬ್ಬೊಬ್ಬನೂ ಬೆಳಗ್ಗೆಯೂ ಅಷ್ಟೇ ಗಟ್ಟಿಗನಾಗಿದ್ದ, ಅಷ್ಟೇ ಒಳ್ಳೆಯವನಾಗಿದ್ದ. ನಾನು ಯಾರಿಗೂ ಬುದ್ಧಿ ಹೇಳಿ ತಿದ್ದಲಿಲ್ಲ. ಅವರು ನಿಂತ ಜಾಗವನ್ನು ಮಾತ್ರ ಬದಲಾಯಿಸಿದೆ. ಅಷ್ಟಕ್ಕೇ ಇಷ್ಟಾಗುತ್ತದೆಯೇ ಎಂಬ ಬೆರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ನೀರು ಇಳಿದ ಮೇಲೆ ಸಾಹೇಬರು ಬಂದರು. ಕೆಲಸವನ್ನು ಯಾವ ಊರಿನ ಹೆಸರಿಗೆ ಬರೆಯಬೇಕೆಂದು ಕೇಳಿದರು. ಹೇಳಲಾಗುವುದಿಲ್ಲ ಸಾರ್ ಎಂದೆ. ನಿನಗಾರು ಅಧಿಕಾರ ಕೊಟ್ಟರು ಎಂದು ಗದರಿದರು. ಆಮೇಲೆ ಅವರು ಒಬ್ಬರೇ ತಗ್ಗಿನ ಮೇಲೆ ಹೋಗಿ, ಆ ಹಸಿ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿ, ಬಹಳ ಹೊತ್ತು ಕೆಳಗಿನ ಗುಡಿಸಲುಗಳನ್ನು ನೋಡುತ್ತ ನಿಂತರು. "ಇದು ತೇಪೆ. ಬೇಸಗೆಯಲ್ಲಿ ಪೂರ್ತಿ ಕಿತ್ತು ಕಟ್ಟಿಸು. ಕಂದಾಯದವರ ಹತ್ತಿರ ನಾನು ಮಾತಾಡುತ್ತೇನೆ" ಎಂದರು. ನನ್ನ ಕೆಲಸ ಉಳಿಯಿತು.

ಬೇಸಗೆಯಲ್ಲಿ ಆ ಜಾಗವನ್ನು ಏರಿಯ ಉದ್ದಕ್ಕೆ ಸೀಳಿದೆವು. ಕಂದಕದ ಎರಡು ಗೋಡೆಗಳಲ್ಲಿ ಪದರದ ಮೇಲೆ ಪದರ ಕಾಣಿಸಿತು: ಕಪ್ಪು ಹೂಳು, ಕೆಂಪು ಮಣ್ಣು, ಮತ್ತೆ ಕಪ್ಪು. ಒಂದೊಂದು ಪದರವೂ ಒಂದೊಂದು ಬೇಸಗೆ. ಹೆಸರೇ ಉಳಿಯದ ಎಷ್ಟೋ ತಲೆಮಾರಿನವರ ಬೆವರು ನಮ್ಮ ಕಣ್ಣ ಮುಂದೆ ಗೆರೆಗೆರೆಯಾಗಿ ನಿಂತಿತ್ತು. ಹಣೆ ಒರೆಸಿಕೊಳ್ಳುತ್ತಿದ್ದವರು ಹಾಗೇ ಕೈಮುಗಿದರು. ಆದರೆ ಕಲ್ಲಿನ ಹತ್ತಿರ ಬಂದಂತೆ ಎರಡು ಕಡೆಯ ಪದರಗಳೂ ಹಿಂದೆ ಸರಿದು ನಿಂತಿದ್ದವು. ನಡುವೆ ತುಂಬಿದ್ದದ್ದು ಬೂದಿ, ಮಡಕೆ ಚೂರು, ಬೇರು, ಗೆದ್ದಲು. ಪಟೇಲ ಬಗ್ಗಿ ಅದನ್ನು ಮುಟ್ಟಿ ನೋಡಿದ.

ಕಟ್ಟಿದ ಮೇಲೆ ಮುಂದೆ ಯಾರು ನೋಡಿಕೊಳ್ಳುವುದು? ಏರಿಯ ಮೇಲೆ ಕೂಟ ಸೇರಿತು. ನಾನು ದೊಡ್ಡ ಉಪಾಯ ಹೂಡಿಕೊಂಡು ಹೋಗಿದ್ದೆ: ಒಂದು ಕಲ್ಲು ಬೇಡ, ಪಾಲುಗಳು ಒಂದರೊಳಗೊಂದು ಸ್ವಲ್ಪ ನುಗ್ಗಲಿ, ನಡುವಿನ ತುಂಡಿಗೆ ಇಬ್ಬರೂ ಹೊಣೆ.

ಮಣೇಗಾರ ತಲೆಯಾಡಿಸಿದ. "ಬ್ಯಾಡಿ ಸಾ. ಇಬ್ರೂ ಅಂದ್ರೆ ಇಬ್ರೂ ಬರಕಿಲ್ಲ. ಅವ್ರ್ ನೋಡ್ಕತಾರೆ ಅಂತ ನಾನು, ನಾನ್ ನೋಡ್ಕತೀನಿ ಅಂತ ಅವ್ರು."

ಅವನ ಮಾತು ನಿಜವಾಗಿತ್ತು. ನನ್ನ ಉಪಾಯ ಅಲ್ಲೇ ಮುಗಿಯಿತು. ಆಗ ದೂರದಲ್ಲಿ, ಇಳಿಜಾರಿನ ಅಂಚಿನಲ್ಲಿ ಕೂತಿದ್ದ ಮುದುಕಿ ಎದ್ದು ನಿಂತಳು.

"ಅದ್ನ ನಮ್ಗೆ ಕೊಡಿ ಬುದ್ದಿ."

ಯಾರೋ ನಕ್ಕರು. "ನಿನ್ಗ್ಯಾಕಮ್ಮಿ ಪಾಲು? ಗದ್ದೆ ಅದಾ?" ಎಂದ ಪಟೇಲ.

"ಗದ್ದೆ ಇಲ್ಲ. ಮನೆ ಅದೆ, ಕೂಸದೆ. ಇಷ್ಟ್ ದಿನವೂವೆ ಮಣ್ ಒತ್ತೋರು ಯಾರು? ನಿಮ್ ಪಾಲ್ನೂ ನಾವೇ ಒತ್ತೀವಿ, ಅವ್ರ್ ಪಾಲ್ನೂ ನಾವೇ ಒತ್ತೀವಿ. ನಮ್ದು ಅಂತ ಒಂದಷ್ಟುದ್ದ ಮಡಗಿ."

ಎರಡು ಊರುಗಳು ಯಾವುದನ್ನು ತಪ್ಪಿಸಿಕೊಳ್ಳಲು ಅಷ್ಟು ತಲೆಮಾರು ಹೆಣಗಿದ್ದವೋ ಅದನ್ನು ಅವಳು ಬೇಡಿ ಕೇಳುತ್ತಿದ್ದಳು. ಮಣೇಗಾರ ನಗಲಿಲ್ಲ. ಅವನಿಗೆ ಅರ್ಥವಾಗಿತ್ತು.

"ಪಾಲು ಅಂದ್ರೆ ಬರೀ ಮಣ್ಣಲ್ಲ ಕಣಮ್ಮಿ. ಏರಿ ಹುಲ್ಲಲ್ಲೂ ಪಾಲು, ಮೀನಲ್ಲೂ ಪಾಲು. ಕೂಟದಲ್ಲಿ ಕುಂತು ಮಾತಾಡೋದ್ರಲ್ಲೂ ಪಾಲು."

"ಊಂ" ಎಂದಳು ಮುದುಕಿ. "ಅದ್ಕೇ ಕೇಳ್ತಿರದು."

ಆ ದಿನ ಏನೂ ತೀರ್ಮಾನವಾಗಲಿಲ್ಲ. ಗುಸುಗುಸು ನಡೆಯಿತು, ಮುಖ ಗಂಟಿಕ್ಕಿಕೊಂಡು ಕೆಲವರು ಎದ್ದು ಹೋದರು. ನಾನು ಸಾಹೇಬರಿಗೂ ಹೇಳಿದೆ, ತಾಲ್ಲೂಕು ಕಚೇರಿಗೂ ಹೇಳಿದೆ. ಅದು ಊರಿನವರ ಕಟ್ಟಳೆ, ನಾವು ಕೈ ಹಾಕಲಾಗದು ಎಂದರು. ಈ ಸಲ ಅವರು ಹೇಳಿದ್ದು ಸರಿಯೇ ಇತ್ತು. ಮೀನಿನ ವಿಷಯದಲ್ಲಿ ಮುಂದೆಯೂ ಜಗಳಗಳಾದವು.

ಹೂಳೆತ್ತುವ ಕೆಲಸ ಶುರುವಾಗುವ ಬೆಳಗ್ಗೆ ತಮಟೆಯವನು ಏರಿಯ ಮೇಲೆ ನಿಂತು ಒಂದೊಂದು ಪಾಲಿನವರನ್ನೂ ಹೆಸರು ಹಿಡಿದು ಕರೆಯುವುದು ವಾಡಿಕೆ. ಆ ಸಲವೂ ಅವನು ಬಡಗಲ ಊರಿನ ಹೆಸರು ಕೂಗಿದ. ತೆಂಕಲ ಊರಿನ ಹೆಸರು ಕೂಗಿದ. ಆಮೇಲೆ ಕೋಲನ್ನು ಎತ್ತಿದವನು ಹಾಗೇ ನಿಂತು ಮಣೇಗಾರನ ಮುಖ ನೋಡಿದ. ಮಣೇಗಾರ ಪಟೇಲನನ್ನು ನೋಡಿದ. ಪಟೇಲ ಬೇರೆಲ್ಲೋ ನೋಡುತ್ತ, ಆಗಲಿ ಎಂಬಂತೆ ಗಲ್ಲ ಅಲ್ಲಾಡಿಸಿದ. ತಮಟೆ ಮತ್ತೆ ಬಡಿಯಿತು, ಕೇರಿಯ ಹೆಸರು ಗದ್ದೆಗಳ ಮೇಲೆ ಹಾದು ಹೋಯಿತು.

ಮುದುಕಿ ಖಾಲಿ ಮಂಕರಿ ಹಿಡಿದು ಇಳಿಜಾರಿನಲ್ಲಿ ಏದುತ್ತ ಓಡಿ ಬಂದಳು. ಹಿಂದೆ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಸೊಸೆ.

"ನಿಧಾನವಾಗಿ ಬಾ ಅವ್ವಾ. ಕೆಲಸ ಇನ್ನೂ ಶುರುವಾಗಿಲ್ಲ" ಎಂದೆ.

"ಕೆಲ್ಸುಕ್ಕಲ್ಲ ಬುದ್ದಿ" ಎಂದಳು. "ಕರುದ್ರಲ್ಲಾ, ಅದ್ಕೆ ಓಡ್ ಬಂದೆ."